ಮುಳ್ಳು ಹೇಳೋದು ಸುಳ್ಳು, ಮೊಬೈಲ್ ಹೇಳೋದು ನಿಜಾನಾ?

ಹೋದ ಸಂಚಿಕೆಯಲ್ಲಿ ಬೇರೇನೋ ಹೇಳುತ್ತಾ ಮಧ್ಯದಲ್ಲಿ ಒಂದು ಸಾಲು ಬರೆದಿದ್ದೆ: ಕಾರಿನ ಸ್ಪೀಡೋಮೀಟರ್ ಮುಳ್ಳಿಗಿಂತ ಮೊಬೈಲಿನ ಜಿಪಿಎಸ್ ತೋರಿಸುವ ಸ್ಪೀಡೇ ನಿಜಕ್ಕೆ ಹತ್ತಿರ ಅಂತ. ಅಷ್ಟು ಹೇಳಿ ಮುಂದೆ ಹೋಗಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ, ನಾಪೋಕ್ಲು, ಎಲ್ಲ ಕಡೆಯಿಂದ ಪತ್ರ ಬಂದಿವೆ. ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು. ಒಬ್ಬರಂತೂ "ನಿಮ್ಮ ಮಾತು ನಂಬಿ ಸಂಪಾಜೆ ಘಾಟಿಯಲ್ಲಿ ಮೊಬೈಲ್ ನೋಡ್ತಾ ಗಾಡಿ ಇಳಿಸಿದೆ, ಪಕ್ಕದಲ್ಲಿ ಕೂತ ಹೆಂಡತಿ ಕೈಲಿ ಸುಳ್ಯ ಬರೋವರೆಗೂ ಬೈಸಿಕೊಂಡೆ" ಅಂತ ಬರೆದಿದ್ದಾರೆ. ಅವರ ಹೆಂಡತಿ ಬೈದದ್ದು ಸರಿಯಾಗಿಯೇ ಇದೆ. ಈ ಸಲದ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರ: ನನ್ನ ಕಾರಿನಲ್ಲಿ ಮುಳ್ಳು 80 ತೋರಿಸುವಾಗ ಮೊಬೈಲ್ 74 ತೋರಿಸುತ್ತದೆ. ಒಂದು ಸಲ ಅಲ್ಲ, ಯಾವಾಗ ನೋಡಿದರೂ ಹೀಗೇ. ಕಂಪನಿಯವರು ಬೇಕಂತಲೇ ಮೋಸ ಮಾಡುತ್ತಿದ್ದಾರಾ?
– ಕಾರು ಮಾಲೀಕರು, ಸುಂಟಿಕೊಪ್ಪ

ಉ: ಬೇಕಂತಲೇ ಮಾಡುತ್ತಾರೆ, ಹೌದು. ಆದರೆ ಅದು ಮೋಸ ಅಲ್ಲ. ಸ್ಪೀಡೋಮೀಟರ್ ಬಗ್ಗೆ ವಿಶ್ವಸಂಸ್ಥೆಯ ಒಂದು ನಿಯಮ ಇದೆ, 39ನೇ ನಂಬರಿನದು. ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು ಅನ್ನುತ್ತದೆ ಅದು. ಜಾಸ್ತಿ ತೋರಿಸಬಹುದು. ಎಷ್ಟು ಜಾಸ್ತಿ? ಕಾರಿಗೆ ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಇನ್ನೊಂದು 4 ಕಿಲೋಮೀಟರ್. ಅಂದರೆ ನೀವು ನಿಜವಾಗಿ 80ರಲ್ಲಿ ಹೋಗುವಾಗ ಮುಳ್ಳು 80ರಿಂದ 92ರ ಒಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು, 79ಕ್ಕೆ ಮಾತ್ರ ಬರಬಾರದು. ಇಲ್ಲಿನ ಕಾರು ಕಂಪನಿಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿವೆ. ಹಾಗಾಗಿ ನಿಮ್ಮ 80ಕ್ಕೆ 74 ಅನ್ನೋದು ತೀರಾ ಮಾಮೂಲಿ.

ಕಾರಣ ಸುಲಭ. ಗಾಡಿ ತನ್ನ ವೇಗವನ್ನು ನೆಲ ನೋಡಿ ತಿಳಿಯೋದಿಲ್ಲ, ಚಕ್ರ ಎಷ್ಟು ಸುತ್ತು ಸುತ್ತಿತು ಅಂತ ಎಣಿಸುತ್ತದೆ. ಒಂದು ಸುತ್ತಿಗೆ ಇಷ್ಟು ದೂರ ಅಂತ ಫ್ಯಾಕ್ಟರಿಯಲ್ಲೇ ಲೆಕ್ಕ ಹಾಕಿಟ್ಟಿರುತ್ತಾರೆ. ಟಯರ್ ಹೊಸದಿದ್ದಾಗ ದಪ್ಪ, ಸವೆದಾಗ ತೆಳು. ಗಾಳಿ ಕಮ್ಮಿಯಾದರೆ ಇನ್ನೊಂದು ಲೆಕ್ಕ. ಯಾವ ಸ್ಥಿತಿಯಲ್ಲೂ ಮುಳ್ಳು ಕಡಿಮೆ ತೋರಿಸದಿರಲಿ ಅಂತ ಕಂಪನಿಯವರು ಮೊದಲೇ ಸ್ವಲ್ಪ ಮೇಲಕ್ಕೆ ತಳ್ಳಿ ಇಟ್ಟಿರುತ್ತಾರೆ. ನಮ್ಮ ಮದುವೆ ಮನೆಗಳಲ್ಲಿ ಇನ್ನೂರು ಜನ ಅಂದರೆ ಇನ್ನೂರ ಇಪ್ಪತ್ತಕ್ಕೆ ಅಕ್ಕಿ ಹಾಕೋ ಹಾಗೆ.

ಮೊಬೈಲ್ ಮಾಡೋದು ಬೇರೆ. ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳ ಅಲೆಗಳನ್ನು ಅದು ಕೇಳಿಸಿಕೊಳ್ಳುತ್ತದೆ. ರಸ್ತೆ ಬದಿ ನಿಂತಾಗ ಬಸ್ ಹಾರ್ನ್ ಹೊಡೆಯುತ್ತಾ ಹತ್ತಿರ ಬಂದರೆ ಸದ್ದು ಕೀಚಲು, ನಮ್ಮನ್ನು ದಾಟಿ ಹೋದ ಕೂಡಲೇ ದಪ್ಪ ಆಗುತ್ತದೆ, ಗಮನಿಸಿದ್ದೀರಲ್ವಾ? ಅದೇ ಸಂಗತಿ ಇಲ್ಲೂ. ಉಪಗ್ರಹದ ಅಲೆ ಸೆಕೆಂಡಿಗೆ 157 ಕೋಟಿ ಚಿಲ್ಲರೆ ಸಲ ಕಂಪಿಸುತ್ತದೆ. ನೀವು ಗಂಟೆಗೆ 60 ಕಿಲೋಮೀಟರ್‌ನಲ್ಲಿ ನೇರ ಅದರ ಕಡೆಗೇ ಹೋದರೂ ಈ ಎಣಿಕೆಯಲ್ಲಿ ಆಗುವ ವ್ಯತ್ಯಾಸ 90 ಕೂಡ ಇಲ್ಲ. ಕೋಟಿಗಟ್ಟಲೆಯಲ್ಲಿ ತೊಂಬತ್ತು! ಮೊಬೈಲಿನ ಒಳಗಿರುವ ಚಿಕ್ಕ ಚಿಪ್ ಅದನ್ನು ಹಿಡಿಯುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ನಿಮ್ಮ ಜಾಗವೂ ಗೊತ್ತು, ವೇಗವೂ ಗೊತ್ತು. ಮೇಲೆ ಆಕಾಶ ಬಯಲಾಗಿದ್ದು, ಒಂದೇ ಸಮನೆ ಹೋಗುತ್ತಿದ್ದರೆ ವೇಗದಲ್ಲಿ ತಪ್ಪು ಗಂಟೆಗೆ ಒಂದು ಕಿಲೋಮೀಟರ್‌ಗಿಂತ ಕಡಿಮೆ.

ನಂಬಿಕೆ ಬರದಿದ್ದರೆ ನಾನು ಮಾಡಿದ್ದನ್ನೇ ಮಾಡಿ ನೋಡಿ. ಒಂದು ಭಾನುವಾರ ಬೆಳಿಗ್ಗೆ ಅಳಿಯನನ್ನು ಕೂರಿಸಿಕೊಂಡು ಕುಶಾಲನಗರದಿಂದ ಕೊಪ್ಪ ಸೇತುವೆ ದಾಟಿ ಬೈಲಕುಪ್ಪೆ ಆಚೆ ಹೋದೆ. ಅಲ್ಲಿ ರಸ್ತೆ ಸ್ವಲ್ಪ ನೇರ ಸಿಗುತ್ತದೆ, ನಮ್ಮ ಕಡೆ ಎಲ್ಲಿ ಸಿಗಬೇಕು? ಮುಳ್ಳನ್ನು 60ಕ್ಕೆ ಹಿಡಿದೆ. ಅವನ ಕೈಯಲ್ಲಿ ಸ್ಟಾಪ್‌ವಾಚ್. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ 64 ಸೆಕೆಂಡ್ ಆಯಿತು. 3600ನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ ಬರುತ್ತದೆ: 3600ನ್ನು 64ರಿಂದ ಭಾಗಿಸಿದರೆ 56 ಚಿಲ್ಲರೆ. ಡ್ಯಾಶ್‌ಬೋರ್ಡ್ ಮೇಲಿಟ್ಟ ಮೊಬೈಲಿನಲ್ಲೂ 56. "ಮಾವ, ಇಷ್ಟು ವರ್ಷ ನೀವು 60ರಲ್ಲಿ ಬಂದೆ 60ರಲ್ಲಿ ಬಂದೆ ಅಂತ ಹೇಳಿದ್ದೆಲ್ಲ ಬುರುಡೆ" ಅಂದ. ಒಂದು ಮಾತು: ಒಂದೇ ಕಲ್ಲಿನ ಲೆಕ್ಕ ನಂಬಬೇಡಿ. ರಸ್ತೆ ಅಗಲ ಮಾಡುವಾಗ ಕಲ್ಲು ಕಿತ್ತು ಎಲ್ಲೋ ನೆಟ್ಟಿರುತ್ತಾರೆ. ನಾಲ್ಕೈದು ಕಲ್ಲು ನೋಡಿ.

ಪ್ರ: ನಮ್ಮ ತೋಟದ ಕಡೆ ನೆಟ್‌ವರ್ಕೇ ಇಲ್ಲ. ಒಂದು ಕಾಲ್ ಮಾಡಬೇಕಾದರೆ ಗುಡ್ಡ ಹತ್ತಬೇಕು. ಇಂಥ ಕಡೆ ಜಿಪಿಎಸ್ ಸ್ಪೀಡ್ ಹೇಗೆ ಬರುತ್ತದೆ?
– ನಾಪೋಕ್ಲು

ಉ: ಬರುತ್ತದೆ. ಜಿಪಿಎಸ್‌ಗೂ ನೆಟ್‌ವರ್ಕ್‌ಗೂ ಸಂಬಂಧ ಇಲ್ಲ. ಮೊಬೈಲ್ ಉಪಗ್ರಹದ ಮಾತು ಕೇಳುತ್ತದೆ ಅಷ್ಟೇ, ವಾಪಸ್ ಏನನ್ನೂ ಕಳಿಸುವುದಿಲ್ಲ. ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ ಕೇಳಿದ ಹಾಗೆ.

ನೆಟ್ ಇದ್ದರೆ ಒಂದು ಅನುಕೂಲ ಮಾತ್ರ ಉಂಟು. ಯಾವ ಉಪಗ್ರಹ ಎಲ್ಲಿದೆ ಅನ್ನುವ ಪಟ್ಟಿ ಮೊಬೈಲಿಗೆ ನೆಟ್‌ನಿಂದ ತಟ್ಟನೆ ಸಿಗುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದ ಬಾಯಿಂದಲೇ ಕೇಳಿಕೊಳ್ಳಬೇಕು, ಅದು ನಿಧಾನವಾಗಿ ಹೇಳುತ್ತದೆ. ತನ್ನ ಜಾಗದ ವಿವರವನ್ನು 30 ಸೆಕೆಂಡಿಗೆ ಒಂದು ಸಲ, ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಮುಗಿಸೋಕೆ ಹನ್ನೆರಡೂವರೆ ನಿಮಿಷ. ಹಾಗಾಗಿ ಮನೆಯಂಗಳದಲ್ಲಿ, ಮರದ ನೆರಳಿಲ್ಲದ ಕಡೆ, ಒಂದೆರಡು ನಿಮಿಷ ಮೊಬೈಲನ್ನು ಸುಮ್ನೆ ಇಟ್ಟು ಆಮೇಲೆ ಹೊರಡಿ. ಮ್ಯಾಪ್ ಬೇಕಾದರೆ ಪೇಟೆಗೆ ಹೋದಾಗಲೇ ಕೊಡಗಿನ ಭಾಗವನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬರೀ ಸ್ಪೀಡ್ ತೋರಿಸುವ ಆ್ಯಪ್‌ಗೆ ಅದೂ ಬೇಡ.

ಮಂಜು ಬಿದ್ದರೆ ಜಿಪಿಎಸ್ ಕೈಕೊಡುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ. ಮಂಜು, ಮೋಡ ಈ ಅಲೆಗೆ ಲೆಕ್ಕಕ್ಕೇ ಇಲ್ಲ. ಕಾಟ ಕೊಡೋದು ಮರ. ಅದರಲ್ಲೂ ಆಟಿ ತಿಂಗಳ ಮಳೆಯಲ್ಲಿ ನೆನೆದು ತೊಟ್ಟಿಕ್ಕುವ ಮರ. ಉಪಗ್ರಹದಿಂದ ಬರುವ ಸಿಗ್ನಲ್ ನಮ್ಮ ಹತ್ತಿರ ಮುಟ್ಟುವ ಹೊತ್ತಿಗೆ ಉಸಿರಿಲ್ಲದಷ್ಟು ಸೋತಿರುತ್ತದೆ, ಒದ್ದೆ ಎಲೆಯ ನೀರು ಉಳಿದದ್ದನ್ನೂ ಕುಡಿಯುತ್ತದೆ.

ಪ್ರ: ತಂಗಿ ಮದುವೆ ಓಡಾಟಕ್ಕೆ ಅಂತ ನಾವೇ ಓಡಿಸುವ ಬಾಡಿಗೆ ಕಾರು ತಂದಿದ್ದೆ. ವಾಪಸ್ ಕೊಟ್ಟ ಮೇಲೆ ಡೆಪಾಸಿಟ್‌ನಲ್ಲಿ 2000 ರೂಪಾಯಿ ಹಿಡಿದುಕೊಂಡರು. ಕೇಳಿದರೆ "ಮಾಕುಟ್ಟ ರಸ್ತೆಯಲ್ಲಿ ನೀವು 118ರಲ್ಲಿ ಹೋಗಿದ್ದೀರಿ, ಜಿಪಿಎಸ್‌ನಲ್ಲಿ ಬಂದಿದೆ" ಅಂತಾರೆ. ಅಣ್ಣ, ಆ ರಸ್ತೆ ನಿಮಗೆ ಗೊತ್ತಲ್ವಾ? ಅಲ್ಲಿ 118ರಲ್ಲಿ ಹೋಗಿದ್ದರೆ ಈ ಪತ್ರ ನಾನು ಬರೀತಿರಲಿಲ್ಲ.
– ವಿರಾಜಪೇಟೆ

ಉ: ಗೊತ್ತು ತಮ್ಮಾ. ಪೆರುಂಬಾಡಿ ದಾಟಿ ಕೆಳಗೆ ಇಳಿಯೋಕೆ ಶುರು ಮಾಡಿದ ಮೇಲೆ 40 ಮುಟ್ಟಿಸೋದೇ ಕಷ್ಟ. ನಿಮ್ಮ ಮಾತು ನನಗೆ ನಿಜ ಅನ್ನಿಸುತ್ತದೆ. ಆದರೆ ನನಗೆ ಅನ್ನಿಸಿದರೆ ದುಡ್ಡು ವಾಪಸ್ ಬರುವುದಿಲ್ಲ, ಹಾಗಾಗಿ ಲೆಕ್ಕ ಹಿಡಿದು ಕೇಳೋಣ.

ಗಾಡಿಗೆ ಹಾಕುವ ಟ್ರ್ಯಾಕರ್‌ಗಳಲ್ಲಿ ಎರಡು ಜಾತಿ. ಒಳ್ಳೆಯದು ನಾನು ಮೇಲೆ ಹೇಳಿದ ಹಾರ್ನ್ ಲೆಕ್ಕದಲ್ಲಿ ವೇಗ ಹಿಡಿಯುತ್ತದೆ. ಅಗ್ಗದ ಕೆಲವು, ಅಥವಾ ಅದರ ಹಿಂದಿನ ಸಾಫ್ಟ್‌ವೇರ್, ಈಗ ಎಲ್ಲಿದ್ದ, ಐದು ಸೆಕೆಂಡ್ ಹಿಂದೆ ಎಲ್ಲಿದ್ದ, ನಡುವೆ ಎಷ್ಟು ದೂರ ಅಂತ ಅಳೆದು ವೇಗ ಹೇಳುತ್ತದೆ. ಬಯಲಿನಲ್ಲಿ ಇದೂ ನಡೆಯುತ್ತದೆ. ಘಾಟಿಯಲ್ಲಿ ಕೆಡುತ್ತದೆ. ಒಂದು ಕಡೆ ಗೋಡೆಯ ಹಾಗೆ ನಿಂತ ಗುಡ್ಡದ ಬರೆ, ಇನ್ನೊಂದು ಕಡೆ ಪ್ರಪಾತ, ಮೇಲೆ ಕಾಡು. ಅರ್ಧ ಆಕಾಶವೇ ಕಾಣೋದಿಲ್ಲ. ಸಿಗ್ನಲ್ ನೇರ ಬರುವ ಬದಲು ಬಂಡೆಗೆ ಬಡಿದು ಬರುತ್ತದೆ, ಸುತ್ತು ಹಾದಿ ಆಯಿತಲ್ಲ, ಗಾಡಿ ಎಲ್ಲೋ ಕಾಡಿನೊಳಗೆ ಇದ್ದ ಹಾಗೆ ತೋರುತ್ತದೆ. ಮುಂದಿನ ಕ್ಷಣ ಸರಿಹೋಗಿ ರಸ್ತೆಗೆ ವಾಪಸ್ ಹಾರುತ್ತದೆ. ಐದು ಸೆಕೆಂಡಿನಲ್ಲಿ 164 ಮೀಟರ್ ಹಾರಿದ ಹಾಗೆ ಕಂಡರೆ ಸಾಕು, ಲೆಕ್ಕದಲ್ಲಿ 118 ಬಂತು. ನೀವು ಆಗ 30ರಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತಿರುತ್ತೀರಿ.

ಇದು ಊಹೆಯ ಮಾತಲ್ಲ. ನಮ್ಮ ಪಿಕಪ್‌ಗೆ ಒಂದು ಅಗ್ಗದ ಟ್ರ್ಯಾಕರ್ ಹಾಕಿಸಿದ್ದೆ. ಮೊದಲ ವಾರವೇ ರಾತ್ರಿ ಎರಡು ಗಂಟೆಗೆ ಮೆಸೇಜ್: ಗಾಡಿ 7 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ. ಟಾರ್ಚ್ ಹಿಡಿದು, ಕತ್ತಿ ಹಿಡಿದು, ಜೊತೆಗೆ ನಾಯಿ ಬೇರೆ, ಓಡಿ ಹೋಗಿ ನೋಡಿದರೆ ಪಿಕಪ್ ಶೆಡ್ಡಿನಲ್ಲಿ ತಣ್ಣಗೆ ನಿಂತಿದೆ. ಬಾನೆಟ್ ಮುಟ್ಟಿದರೆ ಮಂಜುಗಡ್ಡೆ. ಮೇಲೆ ತಗಡಿನ ಶೀಟ್ ಇದೆಯಲ್ಲ, ಅದರ ಕೆಳಗೆ ಸಿಗ್ನಲ್ ಅತ್ತಿತ್ತ ಬಡಿದು ಗಾಡಿ ತಾನೇ ವಾಕಿಂಗ್ ಹೊರಟಿತ್ತು. ಬೆಳಿಗ್ಗೆ ಮ್ಯಾಪಿನಲ್ಲಿ ನೋಡಿದೆ, ಪಕ್ಕದವರ ಏಲಕ್ಕಿ ತೋಟಕ್ಕೂ ಒಂದು ಸುತ್ತು ಹೋಗಿ ಬಂದಿತ್ತು.

ನೀವು ಮಾಡಬೇಕಾದದ್ದು: ಬಾಯಿಮಾತು ಬೇಡ, ಆ ಹೊತ್ತಿನ ಪೂರ್ತಿ ದಾಖಲೆ ಕೊಡಿ ಅಂತ ಬರೆದು ಕೇಳಿ. 118ರ ಹಿಂದಿನ ಎರಡು ನಿಮಿಷ, ಮುಂದಿನ ಎರಡು ನಿಮಿಷ. ಪ್ರತಿ ಸಾಲಿನಲ್ಲಿ ಸಮಯ, ಜಾಗ, ವೇಗ, ಆಗ ಎಷ್ಟು ಉಪಗ್ರಹ ಸಿಕ್ಕಿದ್ದವು ಅನ್ನೋದು ಇರಬೇಕು. 31, 29, 118, 30, 28 ಅಂತ ಒಂದೇ ಒಂದು ಅಂಕಿ ಮಧ್ಯದಲ್ಲಿ ನೆಗೆದಿದ್ದರೆ ಅದು ಗಾಡಿಯ ವೇಗ ಅಲ್ಲ, ಟ್ರ್ಯಾಕರಿನ ಬಿಕ್ಕಳಿಕೆ. ಐದು ಸೆಕೆಂಡಿನಲ್ಲಿ 29ರಿಂದ 118ಕ್ಕೆ ಏರಿ, ಇನ್ನೈದು ಸೆಕೆಂಡಿನಲ್ಲಿ 30ಕ್ಕೆ ಇಳಿಯುವ ಬಾಡಿಗೆ ಕಾರು ನಾನಂತೂ ನೋಡಿಲ್ಲ. ಆ ಒಂದು ಬಿಂದು ಮ್ಯಾಪಿನಲ್ಲಿ ರಸ್ತೆ ಬಿಟ್ಟು ಕಾಡಿನೊಳಗೆ ಬಿದ್ದಿದ್ದರೆ ಇನ್ನೂ ಒಳ್ಳೆಯದು, ಅದರ ಫೋಟೋ ಇಟ್ಟುಕೊಳ್ಳಿ.

ದಾಖಲೆ ಕೊಡೋದಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಜಿಲ್ಲೆಯಲ್ಲೇ ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಎಷ್ಟೋ ಸಲ ದೂರು ಬರೆದು ಅದರ ಪ್ರತಿ ಕಳಿಸಿದರೆ ಸಾಕು, ದುಡ್ಡು ತಾನಾಗಿ ಬರುತ್ತದೆ. ಇನ್ನೊಂದು ಮಾತು, ಸಿಟ್ಟಾಗಬೇಡಿ: ದಾಖಲೆಯಲ್ಲಿ ಕೊಪ್ಪದಿಂದ ಆಚೆ ನೇರ ರಸ್ತೆಯಲ್ಲಿ 112, 115, 118, 117 ಅಂತ ಸಾಲಾಗಿ ಬಂದಿದ್ದರೆ ಸುಮ್ಮನಿದ್ದುಬಿಡಿ.

ಪ್ರ: ಮೊಬೈಲ್ ಮ್ಯಾಪಿನ ಮೂಲೆಯಲ್ಲಿ ಸ್ಪೀಡ್ ಲಿಮಿಟ್ 80 ಅಂತ ಬರುತ್ತದೆ. ಅದೇ ಜಾಗದಲ್ಲಿ ರಸ್ತೆ ಬದಿಯ ಬೋರ್ಡಿನಲ್ಲಿ 30. ನೀವೇ ಹೇಳಿದ್ದೀರಿ ಉಪಗ್ರಹದ ಲೆಕ್ಕ ಸರಿ ಅಂತ. ಹಾಗಾದರೆ 80ರಲ್ಲಿ ಹೋಗಬಹುದಾ?
– ಶಿಕ್ಷಕರು, ಮಡಿಕೇರಿ

ಉ: ಮೇಷ್ಟ್ರೇ, ಇಲ್ಲೇ ಎಲ್ಲರೂ ಎಡವೋದು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಗೊಂದಲ.

ಪರದೆಯ ಮೇಲೆ ಎರಡು ಅಂಕಿ ಅಕ್ಕಪಕ್ಕ ಕಾಣುತ್ತವೆ, ನಾವು ಎರಡೂ ಒಂದೇ ಕಡೆಯಿಂದ ಬಂದವು ಅಂದುಕೊಳ್ಳುತ್ತೇವೆ. ನಿಮ್ಮ ವೇಗ ಬಂದದ್ದು ಆಕಾಶದಿಂದ. ವೇಗದ ಮಿತಿ ಬಂದದ್ದು ಯಾರೋ ಯಾವಾಗಲೋ ಕಂಪ್ಯೂಟರಿನಲ್ಲಿ ತುಂಬಿಸಿದ ಪಟ್ಟಿಯಿಂದ. ಉಪಗ್ರಹಕ್ಕೆ ಮಡಿಕೇರಿ ಯಾವುದು, ಮೈಸೂರು ಯಾವುದು, ಶಾಲೆ ಎಲ್ಲಿದೆ, ಆನೆ ದಾಟುವ ಜಾಗ ಯಾವುದು, ಒಂದೂ ಗೊತ್ತಿಲ್ಲ. ಅದು ಹೇಳುವುದು ಮುಖ್ಯವಾಗಿ ಎರಡೇ ಮಾತು: ಈಗ ಗಂಟೆ ಎಷ್ಟು, ನಾನು ಎಲ್ಲಿದ್ದೇನೆ. ಉಳಿದದ್ದೆಲ್ಲ ಮೊಬೈಲಿನ ಲೆಕ್ಕ ಮತ್ತು ಮ್ಯಾಪಿನವರ ಪಟ್ಟಿ.

ಆ ಪಟ್ಟಿ ಹೇಗೆ ತಯಾರಾಗುತ್ತದೆ? ಕೆಲವು ಕಡೆ ಪೊಲೀಸರೇ ಕೊಡುತ್ತಾರೆ. ಗೂಗಲ್‌ನವರು 2022ರಲ್ಲಿ ನಮ್ಮ ದೇಶದಲ್ಲಿ ಇಂಥ ಮಾಹಿತಿ ಹಾಕೋಕೆ ಶುರು ಮಾಡಿದಾಗ ಬೆಂಗಳೂರು ಸಂಚಾರ ಪೊಲೀಸರ ಜೊತೆ ಸೇರಿಯೇ ಮಾಡಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಮ್ಮ ನಿಮ್ಮಂಥವರೇ ಬೋರ್ಡ್ ನೋಡಿ ತುಂಬುತ್ತಾರೆ, ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರೆ ಅವರೂ ತುಂಬಬಹುದು. ಎಲ್ಲೂ ಮಾಹಿತಿ ಇಲ್ಲದ ಕಡೆ "ಇದು ರಾಷ್ಟ್ರೀಯ ಹೆದ್ದಾರಿ, ಹಾಗಾದರೆ ಇಷ್ಟಿರಬೇಕು" ಅಂತ ಕಂಪ್ಯೂಟರ್ ಅಂದಾಜು ಹೊಡೆಯುವುದೂ ಇದೆ. ನಮ್ಮ 275ನೇ ನಂಬರಿನ ಹೆದ್ದಾರಿಯನ್ನೇ ತಗೊಳ್ಳಿ. ಬೆಂಗಳೂರು–ಮೈಸೂರು ಮಧ್ಯೆ ಕಾರಿಗೆ 100ರ ಮಿತಿ ಇರುವ ದೊಡ್ಡ ರಸ್ತೆ ಅದು. ಅದೇ ನಂಬರ್ ಹಿಡಿದು ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ ದಾಟಿದರೆ ಮದೆನಾಡು, ಜೋಡುಪಾಲದ ತಿರುವುಗಳು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ರಸ್ತೆಯೇ ಇಲ್ಲದಂತಾಗಿತ್ತಲ್ಲ, ಅದೇ ಜಾಗ. ಪಟ್ಟಿಯಲ್ಲಿ ನಂಬರ್ ಒಂದೇ, ರಸ್ತೆ ಒಂದೇ ಅಲ್ಲ.

ಕಾನೂನಿನಲ್ಲಿ ನಡೆಯೋದು ಬೋರ್ಡ್. ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಯಾವುದೇ ರಸ್ತೆಗೆ, ಜನರ ಸುರಕ್ಷತೆಗೋ ರಸ್ತೆಯ ಸ್ಥಿತಿಗೋ ತಕ್ಕಂತೆ, ಮಿತಿ ಇಳಿಸುವ ಅಧಿಕಾರ ಸರ್ಕಾರಕ್ಕಿದೆ. ಇಳಿಸಿದ್ದನ್ನು ಬೋರ್ಡ್ ಹಾಕಿ ಹೇಳುತ್ತಾರೆ. ಕೆಂಪು ಅಂಚಿನ ದುಂಡು ಬೋರ್ಡಿನಲ್ಲಿ 30 ಅಂತಿದ್ದರೆ ಅದು ಸಲಹೆ ಅಲ್ಲ, ಆದೇಶ. ತ್ರಿಕೋನದ್ದು ಎಚ್ಚರಿಕೆ. "ಮೊಬೈಲಿನಲ್ಲಿ 80 ಇತ್ತು ಸಾರ್" ಅಂತ ಪೊಲೀಸರ ಮುಂದೆ ಹೇಳಿದರೆ ಅವರು ನಗುತ್ತಾರೆ, ನಕ್ಕು ರಸೀತಿ ಹರಿಯುತ್ತಾರೆ.

ತಿತಿಮತಿ–ಆನೆಚೌಕೂರು ಕಾಡಿನ ದಾರಿಯಲ್ಲಂತೂ ಬೋರ್ಡಿನ ಅಂಕಿಗಿಂತಲೂ ಕಡಿಮೆ ಹೋಗಿ. ಅಲ್ಲಿ ರಸ್ತೆಗೆ ಅಡ್ಡ ಬರುವವನು ಯಾವ ಮ್ಯಾಪಿನಲ್ಲೂ ಇರುವುದಿಲ್ಲ.

ಪ್ರ: ಹಳೇ ಜೀಪಿಗೆ ದೊಡ್ಡ ಟಯರ್ ಹಾಕಿಸಿದ್ದೇನೆ. ಅದರಿಂದ ಸ್ಪೀಡೋಮೀಟರ್ ವ್ಯತ್ಯಾಸ ಆಗುತ್ತದಾ?
– ಸೋಮವಾರಪೇಟೆ

ಉ: ಆಗದೆ ಇರುತ್ತದಾ? ಮೊದಲಿನ ಟಯರ್ 680 ಮಿಲಿಮೀಟರ್ ಎತ್ತರ ಇತ್ತು, ಈಗಿನದು 735 ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಗಾಡಿ ಮೊದಲಿಗಿಂತ ಶೇಕಡಾ 8ರಷ್ಟು ಜಾಸ್ತಿ ದೂರ ಹೋಗುತ್ತದೆ. ಮೀಟರ್‌ಗೆ ಆ ಸುದ್ದಿ ಯಾರೂ ಹೇಳಿಲ್ಲ. ಅದು ಹಳೇ ಲೆಕ್ಕದಲ್ಲೇ ಇದೆ. ಮೊದಲು ಶೇಕಡಾ 5 ಜಾಸ್ತಿ ತೋರಿಸುತ್ತಿದ್ದ ಮುಳ್ಳು ಈಗ ಕಡಿಮೆ ತೋರಿಸೋಕೆ ಶುರು ಮಾಡುತ್ತದೆ. ಮುಳ್ಳು 60ರಲ್ಲಿದ್ದರೆ ನೀವು ಹೋಗುತ್ತಿರುವುದು ಸುಮಾರು 62ರಲ್ಲಿ.

ಎರಡು ಕಿಲೋಮೀಟರ್ ತಾನೇ ಅನ್ನಬೇಡಿ. ಎಲ್ಲರ ಮುಳ್ಳೂ ಅವರನ್ನು ಕಾಪಾಡುವ ಕಡೆಗೆ ಸುಳ್ಳು ಹೇಳುತ್ತದೆ, ನಿಮ್ಮದು ಮಾತ್ರ ಸಿಕ್ಕಿಸುವ ಕಡೆಗೆ. ಕಿಲೋಮೀಟರ್ ಲೆಕ್ಕವೂ ಕಮ್ಮಿ ಓಡುತ್ತದೆ, ಅಂದರೆ ಆಯಿಲ್ ಬದಲಿಸೋದು ನೀವಂದುಕೊಂಡದ್ದಕ್ಕಿಂತ ತಡವಾಗುತ್ತದೆ. ನಿಮ್ಮಂಥವರಿಗೇ ಜಿಪಿಎಸ್ ಸ್ಪೀಡ್ ನಿಜವಾಗಿ ಉಪಯೋಗ. ಒಂದು ಬಯಲು ರಸ್ತೆಯಲ್ಲಿ 40, 50, 60ರಲ್ಲಿ ಹೋಗಿ ಮೊಬೈಲ್ ಏನು ಹೇಳುತ್ತದೆ ಅಂತ ಪಕ್ಕದವರ ಕೈಲಿ ಬರೆಸಿ, ಆ ಚೀಟಿಯನ್ನು ಮೀಟರ್ ಪಕ್ಕ ಅಂಟಿಸಿ. ಅಷ್ಟೇ ಸಾಕು. ಇಷ್ಟು ದೊಡ್ಡ ಟಯರ್‌ಗೆ ಆರ್‌ಟಿಓದವರು ಏನಂತಾರೆ ಅನ್ನೋದು ಬೇರೆ ಕಥೆ, ಅದನ್ನು ನೀವು ಕೇಳಿಲ್ಲ, ನಾನೂ ಹೇಳೋದಿಲ್ಲ.

ಪ್ರ: ಹೊಸ ಕಾರು. 80 ದಾಟಿದರೆ ಬೀಪ್ ಬೀಪ್ ಅನ್ನುತ್ತದೆ. ಇದೂ ಜಿಪಿಎಸ್ಸಾ? ಬೀಪ್ ಬರದಿದ್ದರೆ ಮಿತಿಯೊಳಗೆ ಇದ್ದೇನೆ ಅಂತ ಅರ್ಥ ತಾನೇ?
– ಕಾಫಿ ಬೆಳೆಗಾರರು, ಸಿದ್ದಾಪುರ

ಉ: ಅಲ್ಲ, ಅಲ್ಲ. 2019ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ. 80 ದಾಟಿದರೆ ಆಗಾಗ ಬೀಪ್, 120 ದಾಟಿದರೆ ಬಿಡದೆ ಬೀಪ್. ರಸ್ತೆ ಯಾವುದು ಅಂತ ಅದಕ್ಕೆ ಗೊತ್ತಿಲ್ಲ. ಸಿದ್ದಾಪುರ ಪೇಟೆಯ ಸಂತೆ ದಿನ 75ರಲ್ಲಿ ನುಗ್ಗಿದರೂ ಅದು ತುಟಿ ಬಿಚ್ಚುವುದಿಲ್ಲ.

ಯುರೋಪಿನಲ್ಲಿ 2024ರ ಜುಲೈನಿಂದ ಮಾರುವ ಹೊಸ ಕಾರುಗಳಲ್ಲಿ ಕ್ಯಾಮೆರಾ ಬೋರ್ಡ್ ಓದುತ್ತದೆ, ಜಿಪಿಎಸ್ ಮ್ಯಾಪ್ ಜೊತೆ ತಾಳೆ ನೋಡಿ, ಆ ರಸ್ತೆಯ ಮಿತಿ ದಾಟಿದರೆ ಎಚ್ಚರಿಸುತ್ತದೆ. ನಮ್ಮಲ್ಲಿ ಅದು ಬರಬೇಕಾದರೆ ಮೊದಲು ಬೋರ್ಡ್ ಮುಚ್ಚಿರುವ ಲಂಟಾನ ಪೊದೆ ಕಡಿಯಬೇಕು.

ಪ್ರ: ಮೈಸೂರು–ಬೆಂಗಳೂರು ರಸ್ತೆಯಲ್ಲಿ ಮೊಬೈಲ್ ನೋಡಿಕೊಂಡೇ 98ರಲ್ಲಿ ಹೋಗಿದ್ದೆ. ಮನೆಗೆ 108 ಅಂತ ನೋಟಿಸ್ ಬಂದಿದೆ. ಮೊಬೈಲ್ ಸ್ಕ್ರೀನ್‌ಶಾಟ್ ತೋರಿಸಿ ವಾದ ಮಾಡಬಹುದಾ?
– ಟ್ಯಾಕ್ಸಿ ಚಾಲಕರು, ಕುಶಾಲನಗರ

ಉ: ವಾದ ಮಾಡಬಹುದು, ಗೆಲ್ಲೋದು ಕಷ್ಟ. ಕ್ಯಾಮೆರಾ ಹಿಡಿಯೋದು ಒಂದು ಜಾಗದ ಒಂದು ಕ್ಷಣವನ್ನು. ಮೊಬೈಲ್ ಸೆಕೆಂಡಿಗೊಮ್ಮೆ ಅಂಕಿ ಬದಲಿಸುತ್ತದೆ, ಅದೂ ಹಿಂದಿನ ಒಂದೆರಡು ಸೆಕೆಂಡ್ ಸೇರಿಸಿ ಸರಾಸರಿ ಮಾಡಿ. ಮುಂದಿನ ಲಾರಿಯನ್ನು ದಾಟೋಕೆ ನೀವು ಕಾಲು ಒತ್ತಿದ ಹೊತ್ತಿನಲ್ಲೇ ಕ್ಯಾಮೆರಾ ಕೆಳಗೆ ಬಂದಿದ್ದರೆ ಎರಡೂ ಅಂಕಿ ನಿಜವೇ ಆಗಿರಬಹುದು.

ಸ್ಕ್ರೀನ್‌ಶಾಟ್ ಬಿಟ್ಟು ನೋಟಿಸನ್ನೇ ಸರಿಯಾಗಿ ಓದಿ. 2021ರ ಆಗಸ್ಟಿನಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದಲ್ಲಿ ಒಳ್ಳೊಳ್ಳೆ ಮಾತುಗಳಿವೆ: ವೇಗ ಅಳೆಯುವ ಯಂತ್ರಕ್ಕೆ ಮಾನ್ಯತೆಯ ಸರ್ಟಿಫಿಕೇಟ್ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಲ್ಲಿ ಕ್ಯಾಮೆರಾ ಇದೆ ಅಂತ ಮೊದಲೇ ಬೋರ್ಡ್ ಹಾಕಿರಬೇಕು. ನೋಟಿಸ್ 15 ದಿನದೊಳಗೆ ಕಳಿಸಬೇಕು. ನಂಬರ್ ಪ್ಲೇಟ್ ಕಾಣುವ ಫೋಟೋ, ಯಂತ್ರ ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲ ಅದರಲ್ಲಿರಬೇಕು. ಮೊದಲು ಫೋಟೋದಲ್ಲಿರೋದು ನಿಮ್ಮ ಗಾಡಿಯೇನಾ ನೋಡಿ. ಎಲ್ಲ ಸರಿಯಿದ್ದರೆ ದಂಡ ಕಟ್ಟಿ ಮುಗಿಸಿ. ನೀವು ಹಳದಿ ಬೋರ್ಡಿನವರು, ಲೈಸೆನ್ಸೇ ಅನ್ನ.

ಮತ್ತೆ 98ರಲ್ಲಿ ಹೋಗೋದು ಯಾಕೆ ಅಂತ? 90ರಲ್ಲಿ ಹೋಗಿ. ಇಡೀ 118 ಕಿಲೋಮೀಟರ್‌ಗೆ ಆರೂವರೆ ನಿಮಿಷ ತಡ ಆಗುತ್ತದೆ, ಒಂದು ಕಾಫಿಯ ಹೊತ್ತು.

ಪ್ರ: ಮಗ ಮೈಸೂರಿನಲ್ಲಿ ಓದುತ್ತಾನೆ. ಶನಿವಾರ ಬೈಕಿನಲ್ಲಿ ಬರುತ್ತಾನೆ. ಗೇಟಿನ ಸದ್ದು ಕೇಳೋವರೆಗೂ ನನಗೆ ಜೀವದಲ್ಲಿ ಜೀವ ಇರೋದಿಲ್ಲ. ಅವನಿಗೆ ಗೊತ್ತಾಗದ ಹಾಗೆ ಬೈಕಿಗೆ ಜಿಪಿಎಸ್ ಹಾಕಿಸಲಾ?
– ತಾಯಿ, ಪೊನ್ನಂಪೇಟೆ

ಉ: ಅಕ್ಕಾ, ಹಾಕಿಸಿ. ಗೊತ್ತಾಗದ ಹಾಗೆ ಮಾತ್ರ ಬೇಡ. ಇವತ್ತಲ್ಲ ನಾಳೆ ಮೆಕ್ಯಾನಿಕ್ ಸೀಟ್ ಬಿಚ್ಚಿದಾಗ ಸಿಗುತ್ತದೆ, ಆಮೇಲೆ ಅವನು ನಿಮಗೆ ಏನೂ ಹೇಳುವುದಿಲ್ಲ. ಹೇಳಿಯೇ ಹಾಕಿಸಿ, 60 ದಾಟಿದರೆ ಮೆಸೇಜ್ ಬರೋ ಹಾಗೆ ಇಡಿಸಿ, ಮೊದಲು ಮೆಸೇಜ್ ಅವನ ಮೊಬೈಲಿಗೇ ಹೋಗಲಿ. ಒಂದೇ ಒಂದು ಸಲ 90 ಅಂತ ಬಂದರೆ ಗಾಬರಿಯಾಗಬೇಡಿ, ವಿರಾಜಪೇಟೆಯವರಿಗೆ ಬರೆದ ಉತ್ತರ ಓದಿ. ಸಾಲಾಗಿ ಐದಾರು ಬಂದರೆ ಕೇಳಿ. ಮತ್ತೆ ನಾಗರಹೊಳೆ ರಸ್ತೆ ಸಂಜೆ ಮುಚ್ಚುತ್ತಾರೆ ಅಂತ ಗೇಟಿಗೆ ಮುಟ್ಟೋಕೆ ಓಡಿಸಿಕೊಂಡು ಬರುವ ಹುಡುಗರನ್ನು ನೋಡಿದ್ದೇನೆ. ತಡವಾದರೆ ಅಲ್ಲೇ ಇರು, ಭಾನುವಾರ ಬೆಳಿಗ್ಗೆ ಬಾ ಅಂತ ನೀವೇ ಹೇಳಿಬಿಡಿ. ಟ್ರ್ಯಾಕರ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಪ್ರ: ಜಿಪಿಎಸ್ ಅಮೆರಿಕದ್ದು. ನಮ್ಮದೇ ನಾವಿಕ್ ಇದೆಯಲ್ಲ, ಅದರಿಂದ ಸ್ಪೀಡ್ ನೋಡೋಕೆ ಆಗೋದಿಲ್ವಾ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕುಶಾಲನಗರ

ಉ: ಆಗುತ್ತದೆ ಮಗಳೇ, ಈಗಲೂ ಕೆಲವು ಮೊಬೈಲ್‌ಗಳು ಅದನ್ನೂ ಸೇರಿಸಿಯೇ ಲೆಕ್ಕ ಹಾಕುತ್ತವೆ. ಇಸ್ರೋ ಇದರ ಮೊದಲ ಉಪಗ್ರಹ ಹಾರಿಸಿದ್ದು 2013ರ ಜುಲೈನಲ್ಲಿ, ನಾವಿಕ್ ಅಂತ ಹೆಸರಿಟ್ಟದ್ದು 2016ರಲ್ಲಿ. ಒಟ್ಟು ಏಳು ಉಪಗ್ರಹಗಳ ಯೋಜನೆ. ಜಿಪಿಎಸ್‌ನ ಉಪಗ್ರಹಗಳು ಹನ್ನೆರಡು ಗಂಟೆಗೊಮ್ಮೆ ಭೂಮಿ ಸುತ್ತುತ್ತಾ ಬಂದು ಹೋಗುತ್ತವೆ. ನಾವಿಕ್‌ನವು ಸುಮಾರು 36,000 ಕಿಲೋಮೀಟರ್ ಮೇಲೆ ನಮ್ಮ ಕಡೆಯ ಆಕಾಶ ಬಿಟ್ಟು ಹೋಗುವುದೇ ಇಲ್ಲ. ತಲೆಯ ಮೇಲೆ ಎತ್ತರದಲ್ಲಿ ಇರುವ ಉಪಗ್ರಹ ನಮ್ಮಂಥ ಗುಡ್ಡದ ಊರಿಗೆ ವರ. ಅಂಚಿನಲ್ಲಿರುವುದನ್ನು ಬೆಟ್ಟ ಮರೆಮಾಡುತ್ತದೆ, ನೆತ್ತಿಯ ಮೇಲಿರುವುದನ್ನು ಹೇಗೆ ಮರೆಮಾಡುತ್ತದೆ?

ತೊಂದರೆ ಏನಾಯಿತು ಅಂದರೆ ಹೊರಗಿನಿಂದ ತಂದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೆಟ್ಟವು. ಗಡಿಯಾರ ಕೆಟ್ಟ ಉಪಗ್ರಹ ಜಾಗ ಹೇಳೋಕೆ ಬರುವುದಿಲ್ಲ. 2023ರ ಮೇ ತಿಂಗಳಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರ ಇಟ್ಟು ಹೊಸ ಪೀಳಿಗೆಯ ಎನ್‌ವಿಎಸ್-01 ಹಾರಿಸಿದರು, ಮೊಬೈಲ್‌ಗಳಿಗೆ ಸುಲಭವಾಗಿ ಸಿಗುವ ಎಲ್1 ಅಲೆಯನ್ನೂ ಅದರಲ್ಲಿ ಸೇರಿಸಿದರು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಮಾತ್ರ ಸರಿಯಾದ ಕಕ್ಷೆ ಮುಟ್ಟಲಿಲ್ಲ. ಹಾಗಾಗಿ ಈಗ ನಾವಿಕ್ ಒಂದನ್ನೇ ನಂಬಿ ಹೊರಡೋಕೆ ಆಗೋದಿಲ್ಲ. ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು, ಎಲ್ಲದರ ಜೊತೆ ಇದೂ ಒಂದು. ಇದನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಒಂದು ನಮ್ಮ ಪಕ್ಕದ ಹಾಸನದಲ್ಲೇ ಇದೆ, ಕಾಲೇಜಿನವರು ಟೂರ್ ಅಂದರೆ ಊಟಿ ಅನ್ನೋದು ಬಿಟ್ಟು ಅಲ್ಲಿಗೆ ಅನುಮತಿ ಕೇಳಿ ನೋಡಬಾರದಾ?

ಪ್ರ: ಸಂಪಾಜೆ ಘಾಟಿಯಲ್ಲಿ ಬೈಸಿಕೊಂಡವನು ನಾನೇ. ಹಾಗಾದರೆ ಮೊಬೈಲನ್ನು ಎಲ್ಲಿಡಬೇಕು, ಹೇಗೆ ನೋಡಬೇಕು, ಅದನ್ನಾದರೂ ಹೇಳಿ.
– ಮಡಿಕೇರಿ

ಉ: ಘಾಟಿಯಲ್ಲಿ ನೋಡಲೇಬೇಡಿ. 60ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 16–17 ಮೀಟರ್ ಹೋಗಿರುತ್ತದೆ. ಮೊಬೈಲಿನ ಅಂಕಿ ಎರಡು ಸೆಕೆಂಡ್ ಹಿಂದಿನದು. ನೀವು ಅದನ್ನು ಓದುವ ಹೊತ್ತಿಗೆ ತಿರುವು ಬಂದಾಗಿರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಇಳಿಯೋದು ಕಾರಿನ ಮುಳ್ಳು, ಮೊಬೈಲ್ ಆಮೇಲೆ ಇಳಿಯುತ್ತದೆ. ನೇರ ರಸ್ತೆಯಲ್ಲಿ ಒಂದೇ ಸಮ ಹೋಗುವಾಗ ಮೊಬೈಲ್ ಸರಿ, ಏರು ಇಳಿವು ತಿರುವಿನಲ್ಲಿ ಮುಳ್ಳೇ ಸರಿ. ಹೋದ ಸಲ ನಾನು ಬರೆಯದೆ ಬಿಟ್ಟದ್ದು ಇದನ್ನೇ.

ಕೈಯಲ್ಲಿ ಹಿಡಿದುಕೊಳ್ಳುವುದಂತೂ ತಪ್ಪು. 2020ರ ಅಕ್ಟೋಬರಿನಿಂದ ದಾರಿ ನೋಡೋಕೆ ಮಾತ್ರ ಮೊಬೈಲ್ ಬಳಸಬಹುದು, ಅದೂ ಗಮನ ತಪ್ಪದ ಹಾಗೆ ಅಂತ ನಿಯಮ. ಸ್ಟ್ಯಾಂಡಿಗೆ ಸಿಕ್ಕಿಸಿ, ಮಿತಿ ದಾಟಿದರೆ ಸದ್ದು ಮಾಡುವ ಹಾಗೆ ಇಟ್ಟು, ಕಿವಿಗೆ ಕೆಲಸ ಕೊಡಿ.

ಅದೇ ಲಕೋಟೆಯಲ್ಲಿ, ಬೇರೆ ಕೈಬರಹದಲ್ಲಿ ಇನ್ನೊಂದು ಚೀಟಿ ಇತ್ತು.

ಪ್ರ: ಇವರು ಈಗ ಮೊಬೈಲನ್ನು ನನ್ನ ಕೈಗೆ ಕೊಟ್ಟು "ಎಷ್ಟಿದೆ ಓದು, ಎಷ್ಟಿದೆ ಓದು" ಅಂತ ಮೈಸೂರಿನವರೆಗೂ ಕಾಡುತ್ತಾರೆ. ಏನು ಮಾಡಲಿ?

ಉ: ಅಕ್ಕಾ, ಅವರು ಎಷ್ಟರಲ್ಲೇ ಹೋಗುತ್ತಿರಲಿ, ಹತ್ತು ಸೇರಿಸಿ ಓದಿ.